ಬಣ್ಣ ಬಿಡಬಾರದು, ಔಷಧಿ ಬಿಡಲೇಬೇಕು: ಸೊಳ್ಳೆ ಓಡಿಸುವ ಬಟ್ಟೆಯನ್ನು ಎಷ್ಟು ನಂಬಬಹುದು?

ಬೆಂಗಳೂರಿನಲ್ಲಿ ಮಳೆ ಹಿಡಿದರೆ ಡೆಂಗಿಯ ಮಾತು ಶುರುವಾಗುತ್ತದೆ. ಅದರ ಹಿಂದೆಯೇ ಡೆಂಗಿ ತಡೆಯುವ ಸಾಮಾನುಗಳ ಜಾಹೀರಾತು ಬರುತ್ತದೆ. ಕಾಯಿಲ್, ಕ್ರೀಮ್, ಮಕ್ಕಳ ಕೈಗೆ ಕಟ್ಟುವ ಪಟ್ಟಿ, ಅಂಗಿಗೆ ಹಚ್ಚುವ ರೋಲ್ ಆನ್ ಎಲ್ಲವನ್ನೂ ನೋಡಿದ್ದೇವೆ. ಈಗ ಬಟ್ಟೆಯೇ ಸೊಳ್ಳೆ ಓಡಿಸುತ್ತದೆ ಎಂಬ ಮಾತು ಜಾಸ್ತಿಯಾಗಿದೆ. ಮಕ್ಕಳ ಟೀ ಶರ್ಟ್, ಟ್ರೆಕ್ಕಿಂಗ್ ಪ್ಯಾಂಟ್‌ಗಳ ಮೇಲೆ ಈ ಲೇಬಲ್ ಕಾಣುತ್ತದೆ. ಒಗೆದ ಬಟ್ಟೆಯಿಂದ ಸೊಳ್ಳೆ ದೂರ ಇರುವಂಥ ಡಿಟರ್ಜೆಂಟನ್ನು ಐಐಟಿ ದೆಹಲಿಯ ಜವಳಿ ವಿಭಾಗದವರು ತಯಾರಿಸಿದ್ದಾರೆ ಎಂಬ ಸುದ್ದಿಯೂ ಬಂತು.

ಓದಿದವರಿಗೆ ಗೊಂದಲವಾಗುವುದು ಸಹಜ. ಇದು ಸೈನಿಕರು ತೊಡುವ ಬಟ್ಟೆ, ಪೂರ್ತಿ ಸುರಕ್ಷಿತ ಎನ್ನುತ್ತಾರೆ ಒಬ್ಬರು. ಮಗುವಿನ ಮೈಗೆ ಕೀಟನಾಶಕ ಸುತ್ತಿದ ಹಾಗಾಯಿತಲ್ಲ ಎನ್ನುತ್ತಾರೆ ಇನ್ನೊಬ್ಬರು. ಬೇವು, ನಿಂಬೆಹುಲ್ಲು ಹಾಕಿದ ಬಟ್ಟೆ, ಔಷಧಿಯ ದ್ರಾವಣದಲ್ಲಿ ಅದ್ದಿದ ಬಟ್ಟೆ, ಬಣ್ಣ ಹಾಕುವಾಗಲೇ ಎಳೆಯೊಳಗೆ ಔಷಧಿ ಸೇರಿಸಿದ ಬಟ್ಟೆ, ಮೂರೂ ಒಂದೇ ಹೆಸರಿನಲ್ಲಿ ಅಂಗಡಿಗೆ ಬರುತ್ತವೆ. ಮೂರರ ಗುಣವೂ ಬೇರೆ. ಮೂರನೆಯದರಲ್ಲೇ ಹೆಚ್ಚು ವಿಜ್ಞಾನವಿದೆ, ಹೆಚ್ಚು ಆಸೆಯೂ ಇದೆ. ಹಾಗಾಗಿ ಅದನ್ನೇ ಬಿಡಿಸಿ ನೋಡೋಣ.

ಹಗಲು ಕಚ್ಚುವ ಸೊಳ್ಳೆ

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆ ಹೊತ್ತಿಗೆ ಆ ವರ್ಷದ ಪ್ರಕರಣಗಳು ರಾಜ್ಯದಲ್ಲಿ 25 ಸಾವಿರ ದಾಟಿದ್ದವು. ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಸೊಳ್ಳೆ ಹುಟ್ಟಲು ಜಾಗ ಮಾಡಿಕೊಟ್ಟವರಿಗೆ ದಂಡ ಹಾಕುವ ನಿಯಮವೂ ಬಂತು. ನಗರದ ಮನೆಗೆ 400 ರೂಪಾಯಿ, ಕಟ್ಟಡ ಕೆಲಸ ನಡೆಯುವ ಜಾಗಕ್ಕೆ 2,000 ರೂಪಾಯಿ.

ಡೆಂಗಿ ಹರಡುವುದು ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಇದಕ್ಕೆ ಚರಂಡಿ ಬೇಕಿಲ್ಲ. ನಿಂತ ತಿಳಿನೀರು ಸಾಕು. ಡ್ರಮ್ಮು, ಹೂಕುಂಡದ ತಟ್ಟೆ, ಹಳೆ ಟೈರು, ಮುಚ್ಚಳ ಸರಿಯಿಲ್ಲದ ಸಂಪು, ಎಲ್ಲಾದರೂ ಮೊಟ್ಟೆ ಇಡುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ ಇದು ಕಚ್ಚುವುದು ಹಗಲಿನಲ್ಲಿ. ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಇದರ ಕಾಟ ಜಾಸ್ತಿ.

ಮಲೇರಿಯಾಕ್ಕೆ ಸೊಳ್ಳೆ ಪರದೆ ಒಳ್ಳೆಯ ಉತ್ತರವಾಗಿತ್ತು. ಆ ಸೊಳ್ಳೆ ರಾತ್ರಿ ಕಚ್ಚುತ್ತದೆ, ಜನ ರಾತ್ರಿ ಮಲಗಿರುತ್ತಾರೆ. ಡೆಂಗಿ ಸೊಳ್ಳೆ ಕಚ್ಚುವ ಹೊತ್ತಿಗೆ ಮಗು ಶಾಲೆಯ ಬೆಂಚಿನ ಮೇಲಿರುತ್ತದೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ ಕೂತಿರುತ್ತಾಳೆ. ಅಲ್ಲಿಗೆ ಪರದೆ ಒಯ್ಯಲು ಆಗುವುದಿಲ್ಲ. ಮೈಮೇಲೆ ಹೇಗೂ ಬಟ್ಟೆ ಇದ್ದೇ ಇರುತ್ತದೆ, ಅದನ್ನೇ ಪರದೆ ಮಾಡಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ. ಯೋಚನೆಯಲ್ಲಿ ತಪ್ಪೇನಿಲ್ಲ. ಕಷ್ಟವಿರುವುದು ಅದನ್ನು ಮಾಡುವುದರಲ್ಲಿ.

ಓಡಿಸುವುದು ಬೇರೆ, ಕೊಲ್ಲುವುದು ಬೇರೆ

ಮೈಗೆ ಹಚ್ಚುವ ಹಲವು ಕ್ರೀಮ್‌ಗಳಲ್ಲಿ ಇರುವುದು ಡೀಟ್ ಎಂಬ ರಾಸಾಯನಿಕ. ಅದು ಚರ್ಮದಿಂದ ಆವಿಯಾಗಿ ಸುತ್ತ ಹರಡುತ್ತದೆ. ಸೊಳ್ಳೆ ದೂರದಲ್ಲೇ ದಾರಿ ತಪ್ಪುತ್ತದೆ. ಇದು ನಿಜವಾಗಿ ಓಡಿಸುವ ಕೆಲಸ. ಆವಿಯಾಗಿ ಹೋಗುವುದರಿಂದ ಕೆಲವು ಗಂಟೆಗಳಲ್ಲಿ ಅದರ ಬಲ ಮುಗಿಯುತ್ತದೆ.

ಬಟ್ಟೆಯಲ್ಲಿ ಜಾಸ್ತಿ ಬಳಸುವುದು ಪರ್ಮೆಥ್ರಿನ್. ಇದು ಸುಲಭವಾಗಿ ಆವಿಯಾಗುವುದಿಲ್ಲ. ಸೊಳ್ಳೆ ಬಂದು ಮುಟ್ಟಬೇಕು. ಅಂಗಿಯ ತೋಳಿನ ಮೇಲೆ ಒಂದು ಸೊಳ್ಳೆ ಕೂತಿತು ಅಂದುಕೊಳ್ಳಿ. ಅದರ ಕಾಲಿನ ಮೇಲೆ ಮೇಣದಂಥ ತೆಳು ಪೊರೆ ಇದೆ. ಪರ್ಮೆಥ್ರಿನ್ ಎಣ್ಣೆ, ಮೇಣಗಳ ಜೊತೆ ಬೆರೆಯುವ ಜಾತಿಯದು. ಎಳೆಯ ಮೇಲಿರುವ ಅದರ ಕಣಗಳು ಆ ಪೊರೆಗೆ ದಾಟಿಕೊಳ್ಳುತ್ತವೆ. ಅಲ್ಲಿಂದ ನರಗಳಿಗೆ ಇಳಿಯುತ್ತವೆ. ನರದಲ್ಲಿ ಸಂದೇಶ ಹೋಗಲು ಸೋಡಿಯಂ ಒಳಬರುವ ಸಣ್ಣ ಬಾಗಿಲುಗಳಿವೆ. ಅವು ತೆರೆದು ತಕ್ಷಣ ಮುಚ್ಚಬೇಕು. ಪರ್ಮೆಥ್ರಿನ್ ಅವನ್ನು ಮುಚ್ಚಲು ಬಿಡುವುದಿಲ್ಲ. ಸೊಳ್ಳೆಗೆ ಮೊದಲು ಕಾಲು ಉರಿದಂತಾಗಿ ಹಾರಿಹೋಗಬಹುದು. ಸಾಕಷ್ಟು ಅಂಟಿಕೊಂಡಿದ್ದರೆ ಬಿದ್ದು ಒದ್ದಾಡಿ ಸಾಯುತ್ತದೆ.

ಅಂದರೆ ಇದು ಕೀಟನಾಶಕ. ಲೇಬಲ್ ಮೇಲೆ 'ಓಡಿಸುತ್ತದೆ' ಎಂದಷ್ಟೇ ಬರೆದಿದ್ದರೂ ಒಳಗಿನ ಕೆಲಸ ಬೇರೆ. ಈ ವ್ಯತ್ಯಾಸದಿಂದ ಒಂದು ನೇರ ಪರಿಣಾಮವಿದೆ. ಆವಿಯಾಗದ ಔಷಧಿ ಬಟ್ಟೆ ಇರುವ ಜಾಗವನ್ನಷ್ಟೇ ಕಾಯುತ್ತದೆ. ಅರ್ಧ ತೋಳಿನ ಅಂಗಿ, ಚಡ್ಡಿ ತೊಟ್ಟ ಹುಡುಗನ ಮೊಣಕಾಲು, ಹಿಮ್ಮಡಿ ಬರಿದಾಗಿಯೇ ಇರುತ್ತವೆ. ಈಡಿಸ್‌ಗೆ ಕಾಲಿನ ಕೆಳಭಾಗ ಬಹಳ ಇಷ್ಟದ ಜಾಗ.

ನೂರು ವರ್ಷದ ಹಳೆಯ ಯೋಚನೆ

ಬಣ್ಣದ ಜೊತೆ ಕೀಟ ತಡೆಯುವ ಗುಣವನ್ನೂ ಬಟ್ಟೆಗೆ ಕೊಡುವುದು ಹೊಸದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮಾರ್ಷಿಯಸ್ ಹಳದಿ ಎಂಬ ಬಣ್ಣ ಹಾಕಿದ ಉಣ್ಣೆ ಬಟ್ಟೆಯನ್ನು ನುಸಿಹುಳು ತಿನ್ನುತ್ತಿರಲಿಲ್ಲ. ಅದರ ಜಾಡು ಹಿಡಿದು ಬಾಯರ್ ಕಂಪನಿ ಯೂಲಾನ್ ಎಂಬ ಬಣ್ಣವಿಲ್ಲದ ರಾಸಾಯನಿಕಗಳನ್ನು ಮಾಡಿತು. ಬಣ್ಣದ ತೊಟ್ಟಿಗೇ ಅದನ್ನು ಹಾಕಿದರೆ ಬಣ್ಣದಂತೆಯೇ ಉಣ್ಣೆಗೆ ಹತ್ತಿಕೊಳ್ಳುತ್ತಿತ್ತು. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ ಕೂಡ ಇದೇ ದಾರಿಯಲ್ಲಿ ಕೆಲಸ ಮಾಡುತ್ತಿತ್ತು. ಡಿಡಿಟಿ ಕೀಟ ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಕೊಂಡ ಪಾಲ್ ಮುಲ್ಲರ್ ಅದೇ ಕಂಪನಿಯವರು.

ಪರ್ಮೆಥ್ರಿನ್‌ನ ಮೂಲ ಒಂದು ಹೂವು. ಸೇವಂತಿಗೆ ಜಾತಿಯ ಒಂದು ಬಿಳಿ ಹೂವಿನ ಪುಡಿ ಕೀಟಗಳನ್ನು ಕೊಲ್ಲುತ್ತದೆ ಎನ್ನುವುದು ಹಿಂದಿನಿಂದ ಗೊತ್ತಿತ್ತು. ಆದರೆ ಆ ಸಾರ ಬಿಸಿಲಿಗೆ ಬೇಗ ಕೆಡುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ತಂಡ 1973ರಲ್ಲಿ ಬಿಸಿಲು ತಡೆಯುವ ಪರ್ಮೆಥ್ರಿನ್ ಮಾಡಿತು. ಬಿಸಿಲಿನಲ್ಲಿ ಒಣಗುವ ಬಟ್ಟೆಗೆ ಔಷಧಿ ಸೇರಿಸುವ ಮಾತು ಸಾಧ್ಯವಾಗಿದ್ದು ಆಮೇಲೆ. 1990ರ ದಶಕದ ಆರಂಭದಿಂದ ಅಮೆರಿಕದ ಸೈನ್ಯ ತನ್ನ ಸಮವಸ್ತ್ರಕ್ಕೆ ಇದನ್ನು ಬಳಸುತ್ತಿದೆ. 2003ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಕಾರ್ಖಾನೆಯಲ್ಲೇ ಔಷಧಿ ಹಾಕಿದ ಬಟ್ಟೆಯನ್ನು ಸಾಮಾನ್ಯ ಜನರಿಗೆ ಮಾರಲು ಒಪ್ಪಿತು.

ಪಾಲಿಯೆಸ್ಟರ್‌ಗೆ ಬಣ್ಣ ಹತ್ತುವ ಬಗೆ

ಹತ್ತಿ ನೀರು ಕುಡಿಯುತ್ತದೆ. ಹಾಗಾಗಿ ನೀರಿನಲ್ಲಿ ಕರಗುವ ಬಣ್ಣ ಅದಕ್ಕೆ ಸುಲಭವಾಗಿ ಹತ್ತುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಅದಕ್ಕೆ ನೀರು ಕಂಡರಾಗದು. ಒದ್ದೆ ಪಾಲಿಯೆಸ್ಟರ್ ಸೀರೆ ಎಷ್ಟು ಬೇಗ ಒಣಗುತ್ತದೆ ನೋಡಿ, ಕಾರಣ ಇದೇ.

ಹಾಗಾಗಿ ಪಾಲಿಯೆಸ್ಟರ್‌ಗೆ ನೀರಿನಲ್ಲಿ ಕರಗದ ಬಣ್ಣ ಬೇಕು. ಅದೇ ಡಿಸ್ಪರ್ಸ್ ಡೈ. ಅದರ ನುಣುಪು ಪುಡಿಯನ್ನು ನೀರಿನಲ್ಲಿ ಹರಡಿಸುತ್ತಾರೆ. ಸ್ವಲ್ಪ ಅಸಿಟಿಕ್ ಆಸಿಡ್ ಹಾಕಿ ತೊಟ್ಟಿಯನ್ನು ಹುಳಿ ಮಾಡುತ್ತಾರೆ. ಮುಚ್ಚಿದ ಯಂತ್ರದಲ್ಲಿ ಒತ್ತಡ ಕೊಟ್ಟು 130 ಡಿಗ್ರಿ ಸೆಲ್ಸಿಯಸ್‌ವರೆಗೆ ನಿಧಾನವಾಗಿ ಕಾಯಿಸುತ್ತಾರೆ. ತಣ್ಣಗಿರುವಾಗ ಪಾಲಿಯೆಸ್ಟರ್‌ನ ಒಳಗಿನ ಸರಪಳಿಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಸುಮಾರು 70–80 ಡಿಗ್ರಿ ದಾಟಿದ ಮೇಲೆ ಅವು ಅಲುಗಾಡತೊಡಗುತ್ತವೆ. ಬಿಸಿ ಏರಿದಷ್ಟೂ ಅಲುಗಾಟ ಜಾಸ್ತಿ. ನಡುವೆ ಸಣ್ಣ ಸಂದುಗಳು ತೆರೆದು ಮುಚ್ಚುತ್ತಿರುತ್ತವೆ. ಬಣ್ಣದ ಅಣುಗಳು ಆ ಸಂದುಗಳಲ್ಲಿ ನುಸುಳಿ ಒಳಗೆ ಸೇರುತ್ತವೆ. ಮತ್ತೆ ತಣ್ಣಗಾದಾಗ ಬಾಗಿಲು ಮುಚ್ಚುತ್ತದೆ, ಬಣ್ಣ ಒಳಗೇ ಉಳಿಯುತ್ತದೆ. ಸಕ್ಕರೆ ನೀರಿನಲ್ಲಿ ಕರಗಿದಂತೆ ಬಣ್ಣ ಗಟ್ಟಿ ಎಳೆಯಲ್ಲಿ ಕರಗಿರುತ್ತದೆ.

ಈಗ ಪರ್ಮೆಥ್ರಿನ್ ನೋಡಿ. ಚಿಕ್ಕ ಅಣು. ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಎಣ್ಣೆಯಂಥ ಜಾಗ ಸಿಕ್ಕರೆ ಅಲ್ಲಿಗೆ ಓಡುತ್ತದೆ. ಹುಳಿ ನೀರಿನಲ್ಲಿ ಕೆಡದೆ ಉಳಿಯುತ್ತದೆ. ಡಿಸ್ಪರ್ಸ್ ಡೈಗೆ ಇರಬೇಕಾದ ಗುಣಗಳೆಲ್ಲ ಇದಕ್ಕೂ ಇವೆ, ಬಣ್ಣವೊಂದನ್ನು ಬಿಟ್ಟು. ಬಣ್ಣದ ತೊಟ್ಟಿಗೇ ಇದನ್ನು ಹಾಕಿ, ಒಂದೇ ಸಲಕ್ಕೆ ಎರಡೂ ಕೆಲಸ ಮುಗಿಸಬಹುದು ಎನ್ನುವುದಕ್ಕೆ ಆಧಾರ ಇದು. ನೈಲಾನ್ ಕೂಡ ಇಂಥ ಅಣುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಡೈಯಿಂಗ್ ಮಾಸ್ಟರ್ ಇಲ್ಲಿ ಒಂದು ಎಚ್ಚರ ವಹಿಸಬೇಕು. ಗಾಢ ಬಣ್ಣ ಹಾಕಿದ ಮೇಲೆ ಎಳೆಯ ಮೇಲೆ ಉಳಿದ ಪುಡಿಯನ್ನು ತೆಗೆಯಲು ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ ಎಂಬ ಬಣ್ಣ ಕಳೆಯುವ ಪುಡಿ ಹಾಕಿದ ಬಿಸಿ ನೀರಿನಲ್ಲಿ ತೊಳೆಯುತ್ತಾರೆ. ಇದನ್ನು ರಿಡಕ್ಷನ್ ಕ್ಲಿಯರಿಂಗ್ ಎನ್ನುತ್ತಾರೆ. ಪರ್ಮೆಥ್ರಿನ್ ಎಸ್ಟರ್ ಎಂಬ ಗುಂಪಿನ ರಾಸಾಯನಿಕ. ಬಿಸಿ ಕಾಸ್ಟಿಕ್ ಎಸ್ಟರನ್ನು ಮುರಿಯುತ್ತದೆ. ಹಾಗಾಗಿ ಬಣ್ಣದ ಜೊತೆ ಔಷಧಿ ಹಾಕಿ ಆಮೇಲೆ ಹೀಗೆ ತೊಳೆದರೆ, ಮೇಲಿದ್ದ ಔಷಧಿ ಅಲ್ಲೇ ಹಾಳಾಗುತ್ತದೆ. ತೊಳೆಯದಿದ್ದರೆ ಬಣ್ಣ ಬಿಡುತ್ತದೆ. ತೊಳೆದ ನಂತರ ಬೇರೆಯಾಗಿ ಔಷಧಿ ಹಾಕಿದರೆ ಇನ್ನೊಂದು ಸುತ್ತು ನೀರು, ಇನ್ನೊಂದು ಸುತ್ತು ಉಗಿ, ಇನ್ನೊಂದಷ್ಟು ಖರ್ಚು.

ಗಂಟು ಇರುವುದು ಇಲ್ಲಿ

ಬಣ್ಣಗಾರರ ಕಸುಬೆಲ್ಲ ನಿಂತಿರುವುದು ಒಂದು ಮಾತಿನ ಮೇಲೆ. ಬಣ್ಣ ಬಿಡಬಾರದು. ನೀರಿಗೆ ಬಿಡಬಾರದು, ಬೆವರಿಗೆ ಬಿಡಬಾರದು, ಉಜ್ಜಿದರೂ ಬಿಡಬಾರದು.

ಕೀಟನಾಶಕದ ಕೆಲಸ ಇದಕ್ಕೆ ಪೂರ್ತಿ ತಿರುಗುಮುರುಗು. ಬಣ್ಣ ಎಳೆಯ ಒಳಗೇ ಇದ್ದರೂ ಕಣ್ಣಿಗೆ ಕಾಣುತ್ತದೆ. ಔಷಧಿ ಎಳೆಯ ಒಳಗೇ ಕೂತರೆ ಸೊಳ್ಳೆಯ ಕಾಲಿಗೆ ಸಿಗುವುದಿಲ್ಲ. ಅದು ಮೇಲೆ ಬರಲೇಬೇಕು. ತುಂಬ ಬಿಗಿಯಾಗಿ ಕಟ್ಟಿಹಾಕಿದರೆ ನೂರು ಸಲ ಒಗೆದರೂ ಹೋಗದು, ಆದರೆ ಸೊಳ್ಳೆ ಆರಾಮವಾಗಿ ಕೂತು ಕಚ್ಚುತ್ತದೆ. ಸಡಿಲ ಬಿಟ್ಟರೆ ಮೊದಲ ವಾರ ಚೆನ್ನಾಗಿ ಕೆಲಸ ಮಾಡಿ, ನಾಲ್ಕು ಸಲ ಒಗೆಯುವಷ್ಟರಲ್ಲಿ ನೀರು ಪಾಲಾಗುತ್ತದೆ.

ಬೇಕಾಗಿರುವುದು ಇವೆರಡರ ನಡುವಿನ ಸ್ಥಿತಿ. ಎಳೆಯೊಳಗೆ ಒಂದು ಉಗ್ರಾಣ ಇರಬೇಕು. ಮೇಲಿನ ಪದರ ಸವೆದಂತೆಲ್ಲ ಒಳಗಿನಿಂದ ಸ್ವಲ್ಪ ಸ್ವಲ್ಪವೇ ಮೇಲೆ ಬರಬೇಕು. 'ಎಳೆಯೊಳಗೆ ಶಾಶ್ವತವಾಗಿ ಬಂಧಿಸಿದ್ದೇವೆ' ಮತ್ತು 'ಸೊಳ್ಳೆಯನ್ನು ತಕ್ಷಣ ಓಡಿಸುತ್ತದೆ' ಎಂಬ ಎರಡು ಮಾತು ಒಂದೇ ಲೇಬಲ್ ಮೇಲಿದ್ದರೆ ಪ್ರಶ್ನೆ ಕೇಳಲೇಬೇಕು. ಯಾಕೆಂದರೆ ಎರಡೂ ಒಂದನ್ನೊಂದು ಎಳೆಯುತ್ತವೆ. ಹೊರಬಂದ ಔಷಧಿ ಬರೀ ಸೊಳ್ಳೆಗೆ ಹೋಗುವುದೂ ಇಲ್ಲ. ಸ್ವಲ್ಪ ಚರ್ಮಕ್ಕೆ ಹೋಗುತ್ತದೆ. ಜಾಸ್ತಿ ಪಾಲು ಒಗೆಯುವ ನೀರಿಗೆ ಹೋಗುತ್ತದೆ.

ಸೊಳ್ಳೆ ಪರದೆ ಕಲಿಸಿದ ಪಾಠ

ಈ ನಡುವಿನ ಸ್ಥಿತಿಯನ್ನು ಸಾಧಿಸಿದವರು ಇದ್ದಾರೆ. ಜಪಾನಿನ ಸುಮಿಟೊಮೊ ಕಂಪನಿಯ ಓಲಿಸೆಟ್ ಪರದೆಯಲ್ಲಿ 2% ಪರ್ಮೆಥ್ರಿನ್ ಎಳೆಯೊಳಗೇ ಸೇರಿದೆ. ಅದರ ಎಳೆ ಪಾಲಿಯೆಸ್ಟರ್ ಅಲ್ಲ, ಪಾಲಿಎಥಿಲೀನ್. ಪಾಲಿಯೆಸ್ಟರನ್ನು ಕರಗಿಸಿ ಎಳೆ ತೆಗೆಯಲು ಸುಮಾರು 280 ಡಿಗ್ರಿ ಬೇಕು. ಅಷ್ಟು ಬಿಸಿಗೆ ಪರ್ಮೆಥ್ರಿನ್ ಹಾಳಾಗುತ್ತದೆ. ಪಾಲಿಎಥಿಲೀನ್ ಅದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲಿ ಕರಗುತ್ತದೆ. ಜೊತೆಗೆ ಅದರ ಮೂಲಕ ಔಷಧಿ ನಿಧಾನವಾಗಿ ಮೇಲಕ್ಕೆ ಜಿನುಗುತ್ತಲೇ ಇರುತ್ತದೆ. ಪಾಲಿಯೆಸ್ಟರ್ ಪರದೆಗಳಲ್ಲಿ ಬೇರೆ ದಾರಿ ಹಿಡಿದರು. ಎಳೆಯ ಮೇಲೆ ಅಂಟಿನಂಥ ಪದರದಲ್ಲಿ ಪರ್ಮೆಥ್ರಿನ್‌ನದೇ ಕುಟುಂಬದ ಡೆಲ್ಟಾಮೆಥ್ರಿನ್ ಸೇರಿಸಿದರು.

ವಿಶ್ವ ಆರೋಗ್ಯ ಸಂಸ್ಥೆ ಇಂಥ ಪರದೆಗಳಿಗೆ ಇಟ್ಟ ಅಳತೆ 20 ಸಲ ಒಗೆತ, 3 ವರ್ಷ ಬಾಳಿಕೆ. ಪರದೆಗೆ ಇದು ಸಾಕು. ಯಾರೂ ಪರದೆಯನ್ನು ದಿನಾ ಒಗೆಯುವುದಿಲ್ಲ. ಶಾಲೆಯ ಅಂಗಿ ವಾರಕ್ಕೆ ಎರಡು ಮೂರು ಸಲ ನೀರಿಗೆ ಬೀಳುತ್ತದೆ. ಪರದೆಯ 20 ಒಗೆತ ಅಂಗಿಗೆ ಎರಡೂವರೆ ತಿಂಗಳೂ ಬರುವುದಿಲ್ಲ.

ಶಾಲೆಯ ಅಂಗಿ, ಒಗೆಯುವ ಕಲ್ಲು

ಸಮವಸ್ತ್ರಕ್ಕೇ ಔಷಧಿ ಹಾಕಿ ನೋಡಿದ ದೊಡ್ಡ ಪ್ರಯೋಗ ನಡೆದಿದ್ದು ಥಾಯ್ಲೆಂಡಿನಲ್ಲಿ, 2012ರಲ್ಲಿ. 10 ಶಾಲೆಗಳ 1,800ಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಕೆಲವರಿಗೆ ಪರ್ಮೆಥ್ರಿನ್ ಹಾಕಿದ ಸಮವಸ್ತ್ರ, ಕೆಲವರಿಗೆ ಸಾದಾ ಸಮವಸ್ತ್ರ. ಆರಂಭದಲ್ಲಿ ತರಗತಿಗಳಲ್ಲಿ ಸೊಳ್ಳೆ ಕಡಿಮೆಯಾದಂತೆ ಕಂಡಿತು. ಆದರೆ ಮಕ್ಕಳಿಗೆ ಡೆಂಗಿ ಸೋಂಕು ತಗಲುವುದು ಕಡಿಮೆಯಾಗಲಿಲ್ಲ. ಒಗೆದಂತೆಲ್ಲ ಔಷಧಿಯ ಬಲ ಬೇಗ ಇಳಿದಿತ್ತು. ಮುಖ್ಯ ಕಾರಣ ಅದೇ ಎಂದು ನಡೆಸಿದವರು ಗುರುತಿಸಿದರು.

ಬೆಂಗಳೂರಿನ ಮನೆಯಲ್ಲಿ ಏನಾಗುತ್ತದೆ ಯೋಚಿಸಿ. ಕಾಲರಿಗೆ, ತೋಳಿನ ಅಂಚಿಗೆ ಬಾರ್ ಸೋಪು ಹಚ್ಚಿ ಬ್ರಷ್ ಹಾಕಿ ಉಜ್ಜುತ್ತಾರೆ. ಬೋರ್‌ವೆಲ್ ನೀರು ಗಡಸು ಅಂತ ಪುಡಿ ಜಾಸ್ತಿ ಹಾಕಿ ನೆನೆಸುತ್ತಾರೆ. ಕಲ್ಲಿನ ಮೇಲೆ ಕುಕ್ಕುತ್ತಾರೆ. ಸೋಪಿನ ಕೆಲಸವೇ ಎಣ್ಣೆ ಜಿಡ್ಡು ತೆಗೆಯುವುದು. ಪರ್ಮೆಥ್ರಿನ್ ಕೂಡ ಅದಕ್ಕೆ ಜಿಡ್ಡೇ. ಡ್ರೈಕ್ಲೀನಿಂಗ್‌ಗೆ ಕೊಟ್ಟರಂತೂ ಅಲ್ಲಿನ ದ್ರಾವಕ ಔಷಧಿಯನ್ನು ತೊಳೆದೇ ಬಿಡುತ್ತದೆ. ಇಂಥ ಬಟ್ಟೆಗಳ ಬಗ್ಗೆ ಹೇಳುವ '70 ಸಲ ಒಗೆದರೂ ಇರುತ್ತದೆ' ಎಂಬ ಮಾತು ಅಮೆರಿಕದ ಮೆಷಿನ್ ಒಗೆತದ ಅಳತೆಯಲ್ಲಿ ಹೇಳಿದ್ದು. ಅದೇ ಸಂಖ್ಯೆಯನ್ನು ಇಲ್ಲಿ ಸುಮ್ನೆ ಅಚ್ಚು ಹಾಕಿದರೆ ಅದು ಕೊಳ್ಳುವವರಿಗೆ ಮಾಡುವ ಅನ್ಯಾಯ.

ಈ ಕಾರಣಕ್ಕೇ ಡಿಟರ್ಜೆಂಟಿನ ದಾರಿ ಕುತೂಹಲ ಹುಟ್ಟಿಸುತ್ತದೆ. ಒಗೆತದಲ್ಲಿ ಹೋಗುವುದನ್ನು ತಡೆಯುವ ಬದಲು ಪ್ರತಿ ಒಗೆತದಲ್ಲೂ ಹೊಸದಾಗಿ ಸೇರಿಸುತ್ತದೆ. ಆದರೆ ಬಟ್ಟೆಗೆ ಹತ್ತದೆ ಉಳಿದಿದ್ದು ಪ್ರತಿ ಸಲ ಚರಂಡಿಗೆ ಹೋಗುತ್ತದೆ ಎಂಬ ಲೆಕ್ಕವನ್ನೂ ಹಿಡಿಯಬೇಕು. ಹಾಗಾಗಿ ಅದರಲ್ಲಿರುವ ರಾಸಾಯನಿಕ ಯಾವುದು ಎನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಉಣುಗಿನ ಲೆಕ್ಕ ಬೇರೆ

ಇದೇ ಬಟ್ಟೆ ಇನ್ನೊಂದು ಕಡೆ ಗೆದ್ದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ರೋಡ್ ಐಲೆಂಡ್‌ನಲ್ಲಿ ಹೊರಾಂಗಣ ಕೆಲಸಗಾರರಿಗೆ ಪರ್ಮೆಥ್ರಿನ್ ಬಟ್ಟೆ ಕೊಟ್ಟು ನೋಡಿದರು. ಉಣುಗು ಕಚ್ಚುವುದು ಮೊದಲ ವರ್ಷ ಸುಮಾರು 65% ಕಡಿಮೆಯಾಯಿತು. ಎರಡನೇ ವರ್ಷವೂ ಸುಮಾರು 50% ಕಡಿಮೆ.

ಯಾಕೆ ಈ ವ್ಯತ್ಯಾಸ? ಸೊಳ್ಳೆ ಹಾರಿ ಬಂದು ಬರಿ ಮೈ ಹುಡುಕಿ ಕೂರುತ್ತದೆ. ಉಣುಗು ಹಾರುವುದಿಲ್ಲ. ಹುಲ್ಲಿನಿಂದ ಪ್ಯಾಂಟಿಗೆ ಹತ್ತಿ, ಬಟ್ಟೆಯ ಮೇಲೆ ಬಹಳ ಹೊತ್ತು ನಡೆದು ಮೈ ಸೇರುತ್ತದೆ. ಅಷ್ಟು ಹೊತ್ತು ಅದರ ಕಾಲು ಔಷಧಿಯ ಮೇಲೆಯೇ ಇರುತ್ತದೆ. ಔಷಧಿ ಸ್ವಲ್ಪವೇ ಉಳಿದಿದ್ದರೂ ಸಾಕಾಗುತ್ತದೆ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಸೌದೆಗೆ, ದರಗಿಗೆ ಕಾಡಿಗೆ ಹೋಗುವ ಮಲೆನಾಡಿನ ಜನರಿಗೆ ಆರೋಗ್ಯ ಇಲಾಖೆ ಮೈಗೆ ಹಚ್ಚಲು ಡೆಪಾ ಎಣ್ಣೆ ಕೊಡುತ್ತದೆ. ಅವರಿಗೂ ಅರಣ್ಯ ಇಲಾಖೆಯ ಕಾವಲುಗಾರರಿಗೂ ಒಂದೊಂದು ಜೊತೆ ಔಷಧಿ ಹಾಕಿದ ಉದ್ದ ತೋಳಿನ ಅಂಗಿ, ಪ್ಯಾಂಟು ಕೊಡುವುದರಲ್ಲಿ ಅರ್ಥವಿದೆ. ಅದು ಕೆಲಸದ ಬಟ್ಟೆ. ಕಾಡಿಗೆ ಹೋಗುವಾಗ ಮಾತ್ರ ತೊಡುತ್ತಾರೆ, ಕಡಿಮೆ ಒಗೆಯುತ್ತಾರೆ. ಬೆಂಗಳೂರಿನ ಮಗುವಿನ ದಿನದ ಅಂಗಿಗೆ ಈ ತರ್ಕ ಹೊಂದುವುದಿಲ್ಲ.

ಸೊಳ್ಳೆಯೂ ಬದಲಾಗುತ್ತದೆ

ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಕಾಯಿಲ್ ಮತ್ತು ಲಿಕ್ವಿಡ್ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿರುವ ಔಷಧಿಗಳು ಎಲ್ಲವೂ ಪೈರೆಥ್ರಾಯ್ಡ್ ಎಂಬ ಒಂದೇ ಕುಟುಂಬದವು. ಎಲ್ಲವೂ ನರದ ಅದೇ ಬಾಗಿಲಿಗೆ ಕೈ ಹಾಕುತ್ತವೆ. ಆ ಬಾಗಿಲಿನ ಆಕಾರ ಸ್ವಲ್ಪ ಬದಲಾದ ಸೊಳ್ಳೆಗಳು ಔಷಧಿ ತಗಲಿದರೂ ಬದುಕುತ್ತವೆ, ಅವುಗಳ ಸಂತತಿಯೇ ಮುಂದೆ ಹೆಚ್ಚುತ್ತದೆ. ಇಂಥ ಬದಲಾವಣೆಗಳು ಬೆಂಗಳೂರಿನಲ್ಲಿ ಹಿಡಿದ ಈಡಿಸ್ ಸೊಳ್ಳೆಗಳಲ್ಲೂ ಕಂಡಿವೆ.

ನಗರದಲ್ಲಿ ಲಕ್ಷಾಂತರ ಅಂಗಿಗಳು ಸೇರಿಕೊಂಡರೆ, ಅದರಲ್ಲೂ ಬಲ ಅರ್ಧ ಇಳಿದ ಅಂಗಿಗಳು, ಈ ಬದಲಾವಣೆ ಇನ್ನಷ್ಟು ಬಿರುಸಾಗುತ್ತದೆ. ಕಡಿಮೆ ಪ್ರಮಾಣದ ಔಷಧಿ ಸೊಳ್ಳೆಯನ್ನು ಕೊಲ್ಲದೆ ಬಿಡುತ್ತದೆ. ಆಮೇಲೆ ರೋಗ ಹರಡಿದ ಬೀದಿಯಲ್ಲಿ ಅದೇ ಕುಟುಂಬದ ಔಷಧಿಯಿಂದ ಹೊಗೆ ಹಾಕಿದರೂ ಪ್ರಯೋಜನ ಕಡಿಮೆಯಾಗುತ್ತದೆ.

ತೊಡುವ ಮೈ, ಹೊಲಿಯುವ ಕೈ

ತೊಡುವವರ ಭಯಕ್ಕೆ ಸ್ವಲ್ಪ ಸಮಾಧಾನ ಹೇಳಬಹುದು. ಅಮೆರಿಕದಲ್ಲಿ ಬಟ್ಟೆಗೆ ಹಾಕುವ ಪರ್ಮೆಥ್ರಿನ್ ಬಟ್ಟೆಯ ತೂಕದ 0.52%. 200 ಗ್ರಾಂ ಅಂಗಿಗೆ ಸುಮಾರು 1 ಗ್ರಾಂ. ಕಜ್ಜಿಗೆ ವೈದ್ಯರು ಬರೆದುಕೊಡುವ ಮುಲಾಮಿನಲ್ಲಿ 5% ಪರ್ಮೆಥ್ರಿನ್ ಇರುತ್ತದೆ. 30 ಗ್ರಾಂ ಟ್ಯೂಬಿನಲ್ಲಿ ಒಂದೂವರೆ ಗ್ರಾಂ. ಅದನ್ನು ನೇರವಾಗಿ ಚರ್ಮಕ್ಕೇ ಹಚ್ಚುತ್ತೇವೆ. ಚರ್ಮದ ಮೂಲಕ ಇದು ಒಳಹೋಗುವುದು ಬಹಳ ಕಡಿಮೆ, ಒಳಹೋದದ್ದನ್ನು ನಮ್ಮ ದೇಹ ಬೇಗ ಒಡೆದು ಹಾಕುತ್ತದೆ. ಬೆಕ್ಕಿಗೆ ಆ ಶಕ್ತಿ ಕಡಿಮೆ, ಹಾಗಾಗಿ ಬೆಕ್ಕಿಗೆ ಇದು ವಿಷ.

ಆದರೆ ಮುಲಾಮು ಒಂದೆರಡು ರಾತ್ರಿಯ ಮಾತು. ಅಂಗಿ ವರ್ಷಗಟ್ಟಲೆ. ಹೊಟ್ಟೆಗೆ ಹೋದಾಗ ಪರ್ಮೆಥ್ರಿನ್ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂದು ಅಮೆರಿಕದ ಪರಿಸರ ಸಂಸ್ಥೆಯೇ ಹಿಂದೆ ವರ್ಗ ಮಾಡಿತ್ತು. ಬಟ್ಟೆಯಿಂದ ಮೈಗೆ ಹೋಗುವ ಪ್ರಮಾಣ ಆತಂಕದ ಮಟ್ಟಕ್ಕಿಂತ ಕೆಳಗಿದೆ ಎಂದೂ ಅದೇ ಸಂಸ್ಥೆ ಲೆಕ್ಕ ಹಾಕಿದೆ. ಎರಡನ್ನೂ ಒಟ್ಟಿಗೆ ಓದಬೇಕು. ಹಸುಗೂಸು ಅಂಗಿಯ ಅಂಚನ್ನು ಬಾಯಿಗೆ ಹಾಕಿ ಚೀಪುತ್ತದೆ, ಅಲ್ವಾ? ಅಷ್ಟು ಚಿಕ್ಕ ಮಕ್ಕಳ ಬಟ್ಟೆಗೆ ಇದು ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಚರ್ಚೆಯಲ್ಲಿ ಯಾರೂ ಕೇಳದ ದನಿ ಹೊಲಿಯುವವರದು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬಣ್ಣದ ತೊಟ್ಟಿಯಲ್ಲೇ ಔಷಧಿ ಸೇರಿಸಿದರೆ ಅದು ಥಾನಿನ ಬಟ್ಟೆಯಲ್ಲೇ ಇರುತ್ತದೆ. ಕತ್ತರಿಸುವವರು, ಹೊಲಿಯುವವರು, ಇಸ್ತ್ರಿ ಹಾಕುವವರು ದಿನಕ್ಕೆ ಎಂಟು ಗಂಟೆ ಅದನ್ನೇ ಮುಟ್ಟುತ್ತಾರೆ, ಅದರ ದೂಳು ಕುಡಿಯುತ್ತಾರೆ. ತೊಡುವವರಿಗೆ ಒಂದು ಅಂಗಿ, ಇವರಿಗೆ ದಿನಕ್ಕೆ ನೂರಾರು. ಪೈರೆಥ್ರಾಯ್ಡ್ ಮುಟ್ಟಿದ ಚರ್ಮದಲ್ಲಿ, ಅದರಲ್ಲೂ ಮುಖದಲ್ಲಿ, ಚುರುಚುರು ಉರಿ, ಜೋಮು ಬರುವುದು ಗೊತ್ತಿರುವ ವಿಷಯ. ಕತ್ತರಿಸಿ ಉಳಿದ ಚಿಂದಿ ದಿಂಬು, ಹಾಸಿಗೆ ತುಂಬಲು ಹೋಗುತ್ತದೆ. ಹೊಲಿದು ಮುಗಿದ ಮೇಲೆ ಅಂಗಿಗೆ ಔಷಧಿ ಹಾಕುವ ಕ್ರಮವೂ ಇದೆ. ಕೆಲಸಗಾರರ ದೃಷ್ಟಿಯಿಂದ ಅದೇ ವಾಸಿ.

ನೀರು ಎಲ್ಲಿಗೆ ಹೋಗುತ್ತದೆ

ಒಂದು ಸರಳ ಗುಣಾಕಾರ ಮಾಡೋಣ. ಅಂಗಿಗೆ 1 ಗ್ರಾಂ ಎಂದರೆ ಒಂದು ಲಕ್ಷ ಅಂಗಿಗೆ 100 ಕೆ.ಜಿ. ಕೀಟನಾಶಕ. ಒಗೆತದಲ್ಲಿ ಅರ್ಧ ಹೋದರೂ 50 ಕೆ.ಜಿ. ಚರಂಡಿಗೆ. ಪರ್ಮೆಥ್ರಿನ್ ನಮಗೆ ಸೌಮ್ಯ, ಮೀನಿಗೆ ಅಲ್ಲ. ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೊಗ್ರಾಂ ಇದ್ದರೂ ಮೀನು ಸಾಯುತ್ತದೆ. ನೀರಿನ ಹುಳುಗಳಿಗೆ, ಕೊಡತಿಕೀಟದ ಮರಿಗಳಿಗೆ ಇನ್ನೂ ಅಪಾಯ. ಇದು ನೀರಿನಲ್ಲಿ ಕರಗದ ಕಾರಣ ಕೆಸರಿಗೆ ಅಂಟಿ ತಳದಲ್ಲಿ ಕೂರುತ್ತದೆ.

ಪೀಣ್ಯದ ಕಡೆಯ ಕೊಳೆನೀರು ವೃಷಭಾವತಿಗೆ ಸೇರಿ, ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಎರಡು ಹಂತದ ಶುದ್ಧೀಕರಣವಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಇಂಥ ಕೀಟನಾಶಕವನ್ನು ಪೂರ್ತಿ ತೆಗೆಯಲೆಂದು ಕಟ್ಟಿದ ಘಟಕಗಳು ಅವಲ್ಲ. ಸೊಳ್ಳೆ ಮರಿ ತಿನ್ನಲಿ ಎಂದು ಕೆರೆ, ಬಾವಿಗಳಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಡುವುದು ಕರ್ನಾಟಕದಲ್ಲಿ ಹಳೆಯ ಕ್ರಮ. ಅಂಗಿಯಿಂದ ಇಳಿದ ಔಷಧಿ ಮೊದಲು ತೊಂದರೆ ಕೊಡುವುದು ಸೊಳ್ಳೆಯ ಈ ವೈರಿಗಳಿಗೆ.

ಡೈಯಿಂಗ್ ಘಟಕದ ತೊಟ್ಟಿ ನೀರಿನದು ಇನ್ನೂ ದೊಡ್ಡ ಪ್ರಶ್ನೆ. ಬಣ್ಣ ಪೂರ್ತಿ ಹತ್ತದಿದ್ದರೆ ನೀರು ಕೆಂಪಗೋ ನೀಲಿಯಾಗೋ ಕಾಣುತ್ತದೆ, ಜನ ದೂರು ಕೊಡುತ್ತಾರೆ. ಪರ್ಮೆಥ್ರಿನ್‌ಗೆ ಬಣ್ಣವಿಲ್ಲ. ಯಾರ ಕಣ್ಣಿಗೂ ಬೀಳುವುದಿಲ್ಲ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಹಾಳಾದ ಮೇಲೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಅಲ್ಲಿ ಕಣ್ಣಿಗೆ ಕಾಣುವ ಬಣ್ಣಕ್ಕೇ ಅಷ್ಟು ತಡವಾಯಿತು.

ಲೇಬಲ್ ಏನು ಹೇಳಬೇಕು

ತಯಾರಕರ ವಾದ ತಳ್ಳಿಹಾಕುವಂಥದ್ದಲ್ಲ. ಪ್ರತಿ ಸಂಜೆ ಮಗುವಿನ ಮೈಗೆ ಕ್ರೀಮ್ ಹಚ್ಚುವುದಕ್ಕಿಂತ, ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಹೊಗೆ ಕುಡಿಯುವುದಕ್ಕಿಂತ ಬಟ್ಟೆ ಒಳ್ಳೆಯದು ಎನ್ನುತ್ತಾರೆ. ಹೊಗೆಯ ಬಗ್ಗೆ ಆ ಮಾತು ನಿಜ. ಆರೋಗ್ಯ ಕ್ಷೇತ್ರದವರಿಗೆ ಬೇರೆ ಆತಂಕವಿದೆ. ಔಷಧಿ ಅಂಗಿ ಇದೆಯಲ್ಲ ಎಂದು ಜನ ಡ್ರಮ್ಮಿನ ನೀರು ಚೆಲ್ಲುವುದನ್ನು ಬಿಡುತ್ತಾರೆ ಎನ್ನುತ್ತಾರೆ. ಅದೂ ನಿಜ.

ಯುರೋಪಿನಲ್ಲಿ 2013ರಿಂದ ಹೀಗೆ ರಾಸಾಯನಿಕ ಹಾಕಿದ ವಸ್ತುವಿನ ಮೇಲೆ ಅದರ ಹೆಸರು ಹೇಳಬೇಕೆಂಬ ನಿಯಮವಿದೆ. ನಮ್ಮಲ್ಲಿ ಕೀಟನಾಶಕಗಳಿಗೆ 1968ರ ಕಾಯ್ದೆಯಿದೆ, ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯ ನೋಂದಣಿ ಬೇಕು. ಔಷಧಿ ಹಾಕಿದ ಪರದೆಗಳು ಆ ದಾರಿಯಲ್ಲೇ ಬಂದಿವೆ. ಅಂಗಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಕೊಳ್ಳುವವರು ಅಂಗಡಿಯಲ್ಲಿ ನೋಡಬೇಕಾದದ್ದು ರಾಸಾಯನಿಕದ ಹೆಸರು, ನೋಂದಣಿ ಸಂಖ್ಯೆ, ಎಷ್ಟು ಒಗೆತ, ಯಾವ ಬಗೆಯ ಒಗೆತ. 'ಹರ್ಬಲ್' ಎಂದಷ್ಟೇ ಇದ್ದರೆ ಅದು ಬಹುಶಃ ಸುವಾಸನೆಯ ಎಣ್ಣೆಯ ಸಣ್ಣ ಗುಳಿಗೆಗಳು. ಉಜ್ಜಿದಾಗ ಒಡೆದು ವಾಸನೆ ಕೊಡುತ್ತವೆ, ಬೇಗ ಮುಗಿಯುತ್ತವೆ.

ಔಷಧಿಯೇ ಇಲ್ಲದ ದಾರಿಯೂ ಇದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಸೊಳ್ಳೆಯ ತಲೆ, ಸೊಂಡಿಲಿನ ಅಳತೆ ಹಿಡಿದು ಅದು ಚುಚ್ಚಲಾಗದ ಬಟ್ಟೆಯನ್ನು 2021ರಲ್ಲಿ ತೋರಿಸಿದರು. ಎಳೆಗಳ ನಡುವಿನ ಸಂದು ಮತ್ತು ಬಟ್ಟೆಯ ದಪ್ಪ ಸರಿಯಾಗಿದ್ದರೆ ರಾಸಾಯನಿಕ ಬೇಕಿಲ್ಲ ಎನ್ನುವುದು ಅದರ ಸಾರ. ಮೈಗಂಟುವ ತೆಳು ಲೆಗ್ಗಿಂಗ್ಸ್ ಮೂಲಕ ಸೊಳ್ಳೆ ಸಲೀಸಾಗಿ ಕಚ್ಚುತ್ತದೆ. ತಿಳಿ ಬಣ್ಣದ, ಒತ್ತಾಗಿ ನೇಯ್ದ, ಸಡಿಲವಾದ ಉದ್ದ ತೋಳಿನ ಅಂಗಿ ಹಾಕಿದರೆ ಅಷ್ಟು ಸುಲಭವಲ್ಲ.

ಬಣ್ಣದ ತೊಟ್ಟಿಯ ದಾರಿಯನ್ನೇ ಹಿಡಿಯುವುದಾದರೆ ಅದಕ್ಕೆ ತಕ್ಕ ಪರೀಕ್ಷೆ ಇಲ್ಲೇ ಆಗಬೇಕು. ಪರದೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷೆ ಸರಳವಾಗಿದೆ. ಬಟ್ಟೆಯ ಮೇಲೆ ಒಂದು ಶಂಕುವಿನಾಕಾರದ ಪಾತ್ರೆ ಕವುಚಿ, ಅದರೊಳಗೆ ಸೊಳ್ಳೆಗಳನ್ನು 3 ನಿಮಿಷ ಬಿಡುತ್ತಾರೆ. ಒಂದು ಗಂಟೆಗೆ ಎಷ್ಟು ಬಿದ್ದವು, 24 ಗಂಟೆಗೆ ಎಷ್ಟು ಸತ್ತವು ಎಂದು ಎಣಿಸುತ್ತಾರೆ. ಶಾಲೆಯ ಅಂಗಿಯ ಬಟ್ಟೆಯನ್ನು ಬೋರ್‌ವೆಲ್ ನೀರಿನಲ್ಲಿ, ಬಾರ್ ಸೋಪು ಹಾಕಿ, ಬ್ರಷ್‌ನಿಂದ ಉಜ್ಜಿ 50 ಸಲ ಒಗೆದು, ಬೆಂಗಳೂರಿನ ಮನೆಗಳಲ್ಲಿ ಹಿಡಿದ ಈಡಿಸ್ ಸೊಳ್ಳೆಗಳನ್ನೇ ಅದರ ಮೇಲೆ ಬಿಟ್ಟು ಎಣಿಸಬೇಕು. ಆ ಐವತ್ತೂ ಒಗೆತದ ನೀರನ್ನು ಹಿಡಿದಿಟ್ಟು, ಅದರಲ್ಲಿ ಗಪ್ಪಿ ಮೀನು ಎಷ್ಟು ದಿನ ಬದುಕುತ್ತದೆ ಎಂದೂ ನೋಡಬೇಕು. ಎರಡು ಲೆಕ್ಕವನ್ನೂ ಅಂಗಿಯ ಲೇಬಲ್ ಮೇಲೆ ಕನ್ನಡದಲ್ಲಿ ಅಚ್ಚು ಹಾಕಬೇಕು.